ವಲ್ಲಿಯ ಕೆಳಗೆ ಇಡದ ಕೈ

೧೯೫೮ರ ಮಾರ್ಚ್ ತಿಂಗಳಲ್ಲಿ ನಾನು ಮುಂಬೈಯ ಒಂದು ಇಶ್ಯೂ ಸಂಸ್ಥೆಯ ಪ್ರತಿನಿಧಿಯಾಗಿ ರೋಣ, ಗಜೇಂದ್ರಗಡ, ನರಗುಂದ ಈ ಮೂರು ಊರುಗಳನ್ನು ಸುತ್ತುತ್ತಿದ್ದೆ. ಪ್ರತಿನಿಧಿ ಎಂಬ ಮಾತು ಸ್ವಲ್ಪ ದೊಡ್ಡದಾಯಿತು. ನಾನು ಬರೀ ಉಮೇದುವಾರ. ಮೂರು ತಿಂಗಳು ನೋಡಿ, ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ಅವರು ಆಮೇಲೆ ತೀರ್ಮಾನಿಸುವವರಿದ್ದರು. ಕೈಯಲ್ಲಿದ್ದ ಚರ್ಮದ ಚೀಲ ಸಂಸ್ಥೆಯದು, ಮೈಮೇಲಿದ್ದ ಕೋಟು ಮುಂಬೈಯ ಖೋಲಿಯಲ್ಲಿ ಜೊತೆಗಿದ್ದ ಗೆಳೆಯನದು. ಆ ಬಿಸಿಲಲ್ಲಿ, ಎರೆಮಣ್ಣಿನ ಧೂಳು ಕುಡಿಯುತ್ತ, ಕೋಟು ಹಾಕಿಕೊಂಡು ಬಸ್ಸಿನಲ್ಲಿ ತಿರುಗುವುದು ಎಂಥ ಶಿಕ್ಷೆ ಎಂಬುದು ತಿರುಗಿದವರಿಗೇ ಗೊತ್ತು. ಬಿಚ್ಚಿ ಮಡಿಲಲ್ಲಿ ಇಟ್ಟುಕೊಳ್ಳೋಣವೆಂದರೆ ಒಳಗಿನ ಅಂಗಿ ಹರಿದಿತ್ತು.

ಇಶ್ಯೂ ಸಂಸ್ಥೆ ಎಂದರೇನೆಂದು ಮೊದಲೇ ಹೇಳಿಬಿಡುತ್ತೇನೆ. ಈಗ ಇದನ್ನು ಇನ್‌ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಎಂದು ಗಂಭೀರವಾಗಿ ಕರೆಯುತ್ತಾರೆ. ಆಗ ನಮ್ಮ ಕಡೆ ‘ಶೇರು ಮಾರೂ ಧಂದೆ’ ಎನ್ನುತ್ತಿದ್ದರು, ಹಾಗೆನ್ನುವಾಗ ತುಟಿ ತುಸು ಓರೆಯಾಗುತ್ತಿತ್ತು. ಯಾರೋ ಒಬ್ಬರು ಗಿರಣಿ ಹಾಕಬೇಕೆನ್ನುತ್ತಾರೆ. ಬೇಕಾದಷ್ಟು ಬಂಡವಾಳ ಅವರಲ್ಲಿ ಇರುವುದಿಲ್ಲ. ಅದನ್ನು ಸಾರ್ವಜನಿಕರಿಂದ ಷೇರುಗಳ ರೂಪದಲ್ಲಿ ಕೂಡಿಸಿಕೊಡುವುದು ನಮ್ಮ ಕೆಲಸ. ಇದರಲ್ಲಿ ಅಂಡರ್‌ರೈಟಿಂಗ್ ಎಂಬ ಒಂದು ಕರಾರು ಇರುತ್ತದೆ. ಜನ ಕೊಳ್ಳದೆ ಷೇರು ಉಳಿದರೆ, ಉಳಿದದ್ದನ್ನು ನಮ್ಮ ಸಂಸ್ಥೆಯೇ ಕೊಳ್ಳುತ್ತದೆಂದು ಗಿರಣಿಯವರಿಗೆ ಮಾತು ಕೊಟ್ಟಿರುತ್ತೇವೆ. ಹಾಗೆ ಕೊಳ್ಳುವ ಪ್ರಸಂಗ ಬರಬಾರದೆಂದೇ ನಮ್ಮಂಥವರನ್ನು ಊರೂರಿಗೆ ಅಟ್ಟುತ್ತಿದ್ದರು. ಆ ವರ್ಷ ನಾವು ಮಾರುತ್ತಿದ್ದುದು ಒಂದು ಹೊಸ ನೂಲಿನ ಗಿರಣಿಯ ಷೇರು, ಮುಖಬೆಲೆ ಹತ್ತು ರೂಪಾಯಿ.

ಆ ಧಂದೆಯೊಳಗೆ ನಾನು ಹೊಕ್ಕಿದ್ದೇ ಒಂದು ದೊಡ್ಡ ಪಾಡು. ಧರ್ಮದ ಬೋರ್ಡಿಂಗಿನಲ್ಲಿ ಉಂಡು ಬಿ.ಕಾಂ. ಮುಗಿಸಿ ಮುಂಬೈಗೆ ಹೋದವನು ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತಿಕೆ ಮಾಡುತ್ತ, ಬಿಡುವು ಸಿಕ್ಕಾಗಲೆಲ್ಲ ಷೇರು ಸಂಸ್ಥೆಗಳ ಮೆಟ್ಟಿಲು ಹತ್ತುತ್ತಿದ್ದೆ. ಎಲ್ಲ ಕಡೆ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ನಿಮ್ಮನ್ನು ಯಾರು ಕಳಿಸಿದರು?’ ಓದಿದ್ದೇನು, ಲೆಕ್ಕ ಬರುತ್ತದೆಯೇ ಎಂಬುದೆಲ್ಲ ಆಮೇಲಿನ ಮಾತು. ಅಲ್ಲಿ ಕೂತವರೆಲ್ಲ ಯಾರದೋ ಅಳಿಯ, ಯಾರದೋ ಸೋದರಳಿಯ. ಯಾರೂ ಕಳಿಸಿಲ್ಲ ಎಂದೊಡನೆ ಅವರ ಮುಖದಲ್ಲಿ ಸಿಟ್ಟೇನೂ ಬರುತ್ತಿರಲಿಲ್ಲ. ನಾನು ತಪ್ಪು ಬಾಗಿಲಿಗೆ ಬಂದ ಟಪಾಲಿನವನೇನೋ ಎಂಬಂತೆ ಮರ್ಯಾದೆಯಿಂದಲೇ ಹೊರಗಿನ ದಾರಿ ತೋರಿಸುತ್ತಿದ್ದರು. ಕಡೆಗೆ ಒಂದು ಸಂಸ್ಥೆಯ ದೊಡ್ಡ ಪಾಲುದಾರರು ನನ್ನ ಅರ್ಜಿಯಲ್ಲಿ ಊರಿನ ಹೆಸರು ನೋಡಿ ತಲೆಯೆತ್ತಿದರು. ‘ನೀವು ಹತ್ತಿಯ ಸೀಮೆಯವರು. ಅಲ್ಲಿಯ ವ್ಯಾಪಾರಿಗಳ ಪರಿಚಯ ಇರಬೇಕಲ್ಲ?’ ಎಂದರು. ‘ಎಲ್ಲರನ್ನೂ ಬಲ್ಲೆ’ ಎಂದೆ. ಅದು ಸುಳ್ಳಲ್ಲ. ಅವರು ನನ್ನನ್ನು ಬಲ್ಲರೇ ಎಂದು ಪಾಲುದಾರರು ಕೇಳಲಿಲ್ಲ.

ನಮ್ಮ ಮೂಲ ಊರು ಹೊಳೆಮಣ್ಣೂರು. ನಾನು ಚಿಕ್ಕವನಿದ್ದಾಗ ಮಲಪ್ರಭೆ ಬಂದು ಮನೆ ಕೆಡವಿತು. ಬೇರೆಯವರು ಮತ್ತೆ ಗೋಡೆ ಎಬ್ಬಿಸಿದರು, ನಮ್ಮಪ್ಪ ಫಕೀರಪ್ಪನ ಕೈಲಾಗಲಿಲ್ಲ. ನಮ್ಮನ್ನು ಕಟ್ಟಿಕೊಂಡು ನರಗುಂದಕ್ಕೆ ಬಂದು ಹತ್ತಿ ಪೇಟೆಯಲ್ಲಿ ಹಮಾಲಿಗೆ ನಿಂತ. ಹತ್ತಿಯ ಅಂಡಿಗೆಗಳನ್ನು, ಎಂದರೆ ಹತ್ತಿ ತುಂಬಿದ ದೊಡ್ಡ ಚೀಲಗಳನ್ನು, ಹೊತ್ತೂ ಹೊತ್ತೂ ಅವನ ಕುತ್ತಿಗೆ ಎಡಕ್ಕೆ ವಾಲಿತ್ತು, ಬೆನ್ನಿಗೆ ಹೊರೆ ಇಲ್ಲದಾಗಲೂ ಹಾಗೆಯೇ ನಡೆಯುತ್ತಿದ್ದ. ವ್ಯಾಪಾರಿಗಳ ಮಟ್ಟಿಗೆ ನಾನು ಫಕೀರನ ಮಗ. ಅದಕ್ಕಿಂತ ಹೆಚ್ಚಿನ ಪರಿಚಯದ ಅವಶ್ಯಕತೆ ಅವರಿಗೆ ಬಿದ್ದಿರಲಿಲ್ಲ.

ಹೊಳೆಆಲೂರು ಸ್ಟೇಷನ್ನಿನಲ್ಲಿ ಇಳಿದು ಮೊದಲು ರೋಣಕ್ಕೆ ಹೋದೆ. ಅಲ್ಲಿಯ ವಕೀಲರೊಬ್ಬರು ನನ್ನ ಪ್ರಾಸ್ಪೆಕ್ಟಸ್, ಎಂದರೆ ಗಿರಣಿಯ ವಿವರ ಅಚ್ಚು ಹಾಕಿದ ಪುಸ್ತಕ, ಇಡಿಯಾಗಿ ಓದಿ, ಕಾಗದ ಬಹಳ ಚೆನ್ನಾಗಿದೆ ಎಂದು ಹೊಗಳಿ ತಿರುಗಿ ಕೊಟ್ಟರು. ಗಜೇಂದ್ರಗಡದಲ್ಲಿ ನೂಲು, ಸೀರೆಯ ವ್ಯಾಪಾರಿಗಳಿದ್ದರು. ಅವರಿಗೆ ಗಿರಣಿಯ ಸಂಗತಿ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂಗಡಿಯಿಂದ ಅಂಗಡಿಗೆ ಹೋದೆ. ಕೆಲವರು ನೀರು ಕೊಟ್ಟರು, ಕೆಲವರು ಚಹಾ ಕೊಟ್ಟರು. ಎಲ್ಲರೂ ಕೊನೆಗೆ ಬಂದು ನಿಂತದ್ದು ಒಂದೇ ಮಾತಿಗೆ.

“ನರಗುಂದದ ಗುರಪ್ಪ ಸಾವಕಾರ್ರು ತಗೊಂಡಾರೇನು?”

“ಇನ್ನೂ ಅವರ ಕಡೆ ಹೋಗಿಲ್ರಿ.”

“ಮೊದಲ ಅಲ್ಲಿ ಹೋಗಿ ಬರ್ರಿ. ಅವರು ತಗೊಂಡ್ರಂದ್ರ ನಾವೂ ತಗೊಂಡಂಗ.”

ಗುರಪ್ಪ ಸಾವಕಾರರು ನರಗುಂದದ ಹತ್ತಿ ದಲಾಲರು. ರೈತ ತಂದ ಹತ್ತಿಯನ್ನು ಖರೀದಿದಾರನಿಗೆ ಮಾರಿಸಿಕೊಡುವ ದಲಾಲಿ ಅಂಗಡಿ ಅವರದು. ನಮ್ಮಪ್ಪ ಇಪ್ಪತ್ತು ವರ್ಷ ಅಂಡಿಗೆ ಹೊತ್ತದ್ದು ಅವರ ಅಂಗಡಿಯಲ್ಲೇ. ಮಾತು ಕಡಿಮೆ, ನೋಟ ಚೂಪು. ಅವರು ಯಾವ ಹತ್ತಿಗೆ ಮೂಗು ಮುರಿದರೂ ಅದು ಆ ದಿನ ಮಾರಾಟವಾಗುತ್ತಿರಲಿಲ್ಲ. ನನ್ನ ಉಮೇದುವಾರಿಕೆ ಅವರ ಒಂದು ಹೂಂ ಮೇಲೆ ನಿಂತಿದೆ ಎಂಬುದು ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗಲೇ ನನಗೆ ತಿಳಿಯಿತು. ಆ ತಿಳಿವಳಿಕೆಯಿಂದ ಉತ್ಸಾಹವೇನೂ ಬರಲಿಲ್ಲ. ಕಾಲು ನೋಯುತ್ತಿತ್ತು.

ಇಲ್ಲಿ ಪೇಟೆಯ ಒಂದು ಪದ್ಧತಿಯನ್ನು ಹೇಳಲೇಬೇಕು. ಆಗ ಹತ್ತಿಯ ದರವನ್ನು ಬಾಯಿಂದ ಕೂಗುತ್ತಿರಲಿಲ್ಲ. ದಲಾಲ ತನ್ನ ಹೆಗಲ ಮೇಲಿನ ವಲ್ಲಿಯನ್ನು, ಅಂದರೆ ಟವೆಲನ್ನು, ತನ್ನ ಬಲಗೈ ಮೇಲೆ ಹಾಸುತ್ತಿದ್ದ. ಎದುರಿನವನು ಅದರ ಕೆಳಗೆ ತನ್ನ ಕೈ ಇಡುತ್ತಿದ್ದ. ಒಳಗೆ ಬೆರಳು ಮುಟ್ಟಿ, ಹಿಡಿದು, ಒತ್ತಿ ದರ ಮಾತಾಡುತ್ತಿದ್ದರು. ಸುತ್ತ ನಿಂತವರಿಗೆ ಕಾಣುತ್ತಿದ್ದುದು ಅಲುಗುವ ಬಟ್ಟೆ ಮಾತ್ರ. ಆದರೆ ವಲ್ಲಿ ಇದ್ದದ್ದು ದರ ಮುಚ್ಚಿಡುವುದಕ್ಕಷ್ಟೇ ಅಲ್ಲ. ವಲ್ಲಿ ಯಾರದೇ ಇರಲಿ, ಅದರ ಕೆಳಗೆ ಕೈ ಇಟ್ಟು ಮುಗಿಸಿದ ವ್ಯವಹಾರಕ್ಕೆ ಮಾರಿಸಿಕೊಟ್ಟ ದಲಾಲ ಹೊಣೆ. ಅಂಡಿಗೆ ಬಿಚ್ಚಿದಾಗ ನಡುವೆ ಒದ್ದೆ ಹತ್ತಿ ಸಿಕ್ಕರೆ ನುಕ್ಸಾನು ಅವನೇ ತುಂಬಿಕೊಡಬೇಕು. ಕಾಗದವಿಲ್ಲ, ಸಹಿಯಿಲ್ಲ, ಕೋರ್ಟೂ ಇಲ್ಲ. ಹಾಗೆ ತುಂಬಿಕೊಡಲು ಮನೆ ಮಾರಿದ ದಲಾಲನೊಬ್ಬನನ್ನು ನಾನೇ ಕಂಡಿದ್ದೆ. ಮಾರಿದ ಮೇಲೂ ಅವನು ಪೇಟೆಯಲ್ಲಿ ತಲೆಯೆತ್ತಿ ಓಡಾಡಿದ.

ಹಮಾಲರು ಈ ಆಟವನ್ನು ದಿನವೂ ನೋಡುತ್ತಿದ್ದರು. ಆದರೆ ವಲ್ಲಿಯ ಕೆಳಗೆ ಅವರ ಕೈ ಎಂದೂ ಹೋಗುತ್ತಿರಲಿಲ್ಲ. ಹಾಗೆಂದು ಯಾರೂ ನಿಯಮ ಮಾಡಿರಲಿಲ್ಲ, ಮಾಡುವ ಪ್ರಶ್ನೆಯೇ ಹುಟ್ಟಿರಲಿಲ್ಲ.

ನರಗುಂದಕ್ಕೆ ಬಂದು ಮನೆಯಲ್ಲಿ ಚೀಲ ಇಳಿಸಿದಾಗ ಅಪ್ಪ ನನ್ನ ಮುಖ ನೋಡಿಯೇ ಸಂಗತಿ ಕೇಳಿದ. ಹೇಳಿದೆ. ಅವನಿಗೆ ಆಗಲೇ ಹೊರುವುದಾಗುತ್ತಿರಲಿಲ್ಲ, ಮನೆಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ. ಹಗ್ಗ ಅಲ್ಲೇ ಬಿಟ್ಟು ಎದ್ದ.

“ನಡಿ, ನಾ ಕರ್ಕೊಂಡ ಹೋಗ್ತೀನಿ. ಸಾವಕಾರ್ರು ನನ್ನ ಮಾತು ತಗದ ಹಾಕೂದಿಲ್ಲ.”

“ನಾನ ಹೋಗ್ತೀನಿ ಬಿಡ ಯಪ್ಪಾ. ಬಿಸಲಾಗ ನೀ ಯಾಕ?”

“ನೀ ಒಬ್ಬನ ಹೋದ್ರ ಯಾರಂತ ಹೇಳ್ತಿ?”

ಮುಂಬೈಯವರ ಪ್ರಶ್ನೆಯನ್ನೇ ಅವನು ಬೇರೆ ರೀತಿಯಲ್ಲಿ ಕೇಳಿದ್ದ. ಅವನ ಹಿಂದೆ ನಡೆದೆ. ಅವನು ಒಗೆದ ಧೋತರ ಉಟ್ಟಿದ್ದ, ವಾಲಿದ ಕುತ್ತಿಗೆಯನ್ನು ನೆಟ್ಟಗೆ ಮಾಡಲು ದಾರಿಯುದ್ದಕ್ಕೂ ಪ್ರಯತ್ನ ಮಾಡುತ್ತಿದ್ದ.

ಸಾವಕಾರರ ಅಂಗಡಿಯಲ್ಲಿ ಹಂಗಾಮಿನ ಗಲಾಟೆ ನಡೆದಿತ್ತು. ಒಳಗೆ ಬಿಳಿ ಗಾದಿ, ಲೋಡುಗಳು, ಗಾದಿಯ ಅಂಚಿಗೆ ಇಬ್ಬರು ಗುಮಾಸ್ತರು. ಅಪ್ಪ ಹೊಸ್ತಿಲ ಹೊರಗೆ ನಿಂತ.

“ಯಾರೋ ಇಂವ, ಫಕೀರಾ?”

“ನನ್ನ ಮಗಾರೀ. ನಾನ ಕರ್ಕೊಂಡ ಬಂದೇನ್ರಿ. ಮುಂಬೈದಾಗ ಶೇರಿನ ಕಂಪನ್ಯಾಗ ಅದಾನ್ರಿ.”

‘ಯಾರು ಕಳಿಸಿದರು’ ಎಂಬ ಪ್ರಶ್ನೆಗೆ ನನ್ನ ಪರವಾಗಿ ಯಾರಾದರೂ ಉತ್ತರ ಕೊಟ್ಟದ್ದು ಅದೇ ಮೊದಲು. ಸಾವಕಾರರು ನನ್ನ ಕೋಟನ್ನು, ಚೀಲವನ್ನು, ಧೂಳು ಹಿಡಿದ ಬೂಟನ್ನು ನೋಡಿ ಗಾದಿಯ ಮೇಲೆ ಕೈ ತಟ್ಟಿದರು.

“ಮ್ಯಾಲ ಬಾ. ಕುಂದರು.”

ನಾನು ಬೂಟು ಬಿಚ್ಚಿ ಗಾದಿಯ ಮೇಲೆ ಕೂತೆ. ಅಪ್ಪ ಹೊಸ್ತಿಲಿಗೆ ಒರಗಿ ಕುಕ್ಕರುಗಾಲಲ್ಲಿ ಕೂತ. ಅವನ ಹಳೆಯ ಜೊತೆಗಾರರು ನಾಲ್ಕಾರು ಜನ ಹಮಾಲರು, ನೋಡದವರಂತೆ ನೋಡುತ್ತ, ಅಂಡಿಗೆಗಳ ಹತ್ತಿರ ನಿಂತಿದ್ದರು. ನಾನು ಗಿರಣಿಯ ವಿಷಯ ವಿವರಿಸಿದೆ. ಎಲ್ಲಿ ಕಟ್ಟುತ್ತಾರೆ, ನೂಲು ತೆಗೆಯುವ ಕದಿರು ಎಷ್ಟು ಹಾಕುತ್ತಾರೆ, ಹತ್ತಿ ಎಲ್ಲಿಂದ ಕೊಳ್ಳುತ್ತಾರೆ ಎಂದು ಸಾವಕಾರರು ಒಂದೊಂದಾಗಿ ಕೇಳಿದರು. ಅಂಡರ್‌ರೈಟಿಂಗ್ ಎಂದರೇನೆಂದೂ ಕೇಳಿ ತಿಳಿದುಕೊಂಡರು. ಆ ಕರಾರು ಇರುವುದರಿಂದ ಗಿರಣಿಗೆ ಬಂಡವಾಳ ಕಡಿಮೆ ಬೀಳುವ ಅಂಜಿಕೆ ಇಲ್ಲ ಎಂದು ಒತ್ತಿ ಹೇಳಿದೆ. ಸಂಸ್ಥೆಯವರು ಹಾಗೆ ಹೇಳಲು ಕಲಿಸಿದ್ದರು.

ಎಲ್ಲ ಕೇಳಿಯಾದ ಮೇಲೆ ಅವರು “ಸಾವಿರ ಶೇರು ತಗೋತೀನಿ” ಎಂದರು. ಎಂದು, ಹೆಗಲ ಮೇಲಿನ ವಲ್ಲಿ ತೆಗೆದು ತಮ್ಮ ಬಲಗೈ ಮೇಲೆ ಹಾಸಿ ನನ್ನ ಮುಂದೆ ಚಾಚಿದರು.

ಗುಮಾಸ್ತರು ಬರೆಯುವುದನ್ನು ನಿಲ್ಲಿಸಿದರು. ಅಪ್ಪ ಎದ್ದು ನಿಂತಿದ್ದ.

“ದರದ ಮಾತಿಲ್ರಿ ಇದ್ರಾಗ,” ಎಂದೆ. “ಎಲ್ಲಾರಿಗೂ ಹತ್ತ ರೂಪಾಯೇ.”

“ದರ ನೀವು ಅಚ್ಚು ಹಾಕಿಸೀರಿ, ಕಂಡೇನಿ. ದರಕ್ಕಲ್ಲ. ಇಡು ಕೈ.”

ಅವರು ಏನು ಕೇಳುತ್ತಿದ್ದಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಲ್ಲಿ ಮಾರಿಸಿಕೊಡುವವನು ನಾನು, ಕೈ ಇಟ್ಟರೆ ಗಿರಣಿಯ ನುಕ್ಸಾನಿಗೆ ನಾನೇ ಹೊಣೆ. ಪೇಟೆಯಲ್ಲಿ ಬೆಳೆದವನು ನಾನು. ಮುಂಬೈಯವನಾಗಿದ್ದರೆ ಇದೊಂದು ಹಳ್ಳಿಯ ಶಾಸ್ತ್ರ ಎಂದುಕೊಂಡು ನಗುತ್ತ ಕೈ ಇಟ್ಟುಬಿಡುತ್ತಿದ್ದ. ಯಾವ ಕೋರ್ಟೂ ಅದನ್ನು ಹೊಣೆ ಎಂದು ಒಪ್ಪುತ್ತಿರಲಿಲ್ಲ. ಇಟ್ಟರೆ ಸಾವಿರ ಷೇರು, ಅದರ ಹಿಂದೆ ಗಜೇಂದ್ರಗಡ, ಅದರ ಹಿಂದೆ ನೌಕರಿ. ಬಾಗಿಲಲ್ಲಿ ನಿಂತ ಅಪ್ಪನ ಮುಖವನ್ನು ನೋಡಿದೆ. ಅಂಥ ಮುಖವನ್ನು ಅವನಲ್ಲಿ ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಕೈ ಇಡಬೇಕೆಂದು ನನಗೆ ಬಹಳ ಆಸೆಯಾಯಿತು.

“ಸಾವಕಾರ್ರ, ನಮ್ಮ ಧಂದೇದಾಗ ಕೈ ಇಡೂದಿಲ್ರಿ.”

“ಯಾಕ?”

“ಗಿರಣಿ ನಡದ್ರ ಲಾಭ ನಿಮ್ದು. ನಿಂತ್ರ ನುಕ್ಸಾನಾನೂ ನಿಮ್ದರಿ. ಅದಕ್ಕ ನಾ ಹೊಣಿ ಆಗಾಕ ಬರೂದಿಲ್ಲ. ನಮ್ಮ ಕಂಪನೀನೂ ಆಗೂದಿಲ್ರಿ.”

ಅವರು ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ವಲ್ಲಿ ಹಾಗೆಯೇ ನಮ್ಮಿಬ್ಬರ ನಡುವೆ ಇಳಿಬಿದ್ದಿತ್ತು.

“ಶೇರು ಉಳದ್ರ ನಿಮ್ಮ ಕಂಪನೀನ ತಗೋತೈತಿ ಅಂದಿ ಈಗ. ಅಂದ್ರ ಗಿರಣಿ ಮಾಲಕಗ ನೀವು ಕೈ ಇಟ್ಟೀರಿ.”

“ಹೌದ್ರಿ.”

“ಅವಗ ಇಟ್ಟ ಕೈ ನನಗ ಯಾಕ ಇಲ್ಲ?”

ಅದಕ್ಕೆ ಚೀಲದೊಳಗಿನ ಪ್ರಾಸ್ಪೆಕ್ಟಸ್ಸಿನಲ್ಲಿ ಏನೂ ಅಚ್ಚಾಗಿರಲಿಲ್ಲ. ಸಾವಕಾರರು ವಲ್ಲಿಯನ್ನು ಹೆಗಲ ಮೇಲೆ ಹಾಕಿಕೊಂಡು, ಗುಮಾಸ್ತನಿಗೆ ಚಹಾ ತರಿಸಲು ಹೇಳಿದರು. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಚಹಾ ಬಂತು, ಕುಡಿದೆ, ಬೂಟು ಹಾಕಿಕೊಂಡೆ. ನಾಲ್ಕು ಜನರ ಎದುರು ಚಾಚಿದ ವಲ್ಲಿಯನ್ನು ಬೇಡ ಎಂದವನಿಗೆ ಪೇಟೆಯಲ್ಲಿ ಮತ್ತೆ ಯಾರೂ ಚಾಚುವುದಿಲ್ಲ.

ಅಪ್ಪ ಮುಂದೆ ಮುಂದೆ ನಡೆದ. ಊರಿನ ಗುಡ್ಡದ ಬುಡದವರೆಗೂ ಹಾಗೆಯೇ ಹೋದ. ಅಲ್ಲಿ ಒಂದು ಬೇವಿನ ಗಿಡದ ನೆರಳಿಗೆ ಕೂತ.

“ಇಪ್ಪತ್ತ ವರ್ಷ ಆ ವಲ್ಲಿ ನೋಡೇನಿ,” ಎಂದ. “ಇವತ್ತ ನನ್ನ ಮಗಗ ಹಾಸಿದ್ರು.”

“ನಾ ಹೊಣಿ ಆಗಾಕ ಬರೂದಿಲ್ಲ ಯಪ್ಪಾ.”

“ಆ ಗಿರಣಿ ನಡೀತೈತೋ ಇಲ್ಲೋ, ಗೊತ್ತೈತೇನು ನಿನಗ?”

“ಇಲ್ಲ.”

ಅವನು ನೆಲದ ಮೇಲೆ ಬಿದ್ದ ಬೇವಿನ ಹೂಗಳನ್ನು ಕೈಯಿಂದ ಆಚೆ ಸರಿಸಿದ.

“ಗೊತ್ತಿಲ್ಲಂದ್ರ ಇಡಬಾರ್ದು. ಖರೇ ತಮ್ಮಾ. ಆದ್ರೂ ಇಡಬೇಕಿತ್ತು ಅನಸ್ತೈತಿ.”

ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ. ಇಬ್ಬರೂ ಎದ್ದು ಮನೆಗೆ ಹೋದೆವು.

ಸುದ್ದಿ ನನಗಿಂತ ಮೊದಲು ಗಜೇಂದ್ರಗಡ ಮುಟ್ಟಿತ್ತು. ಮತ್ತೆ ಹೋದಾಗ ಚಹಾ ಕೂಡ ಸಿಗಲಿಲ್ಲ. ಮುಂಬೈಗೆ ತಿರುಗಿ ಹೋಗಿ ದೊಡ್ಡ ಪಾಲುದಾರರ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ವಲ್ಲಿಯ ಕಥೆ ಕೇಳಿ ನಕ್ಕು, ‘ಕೈ ಕುಲುಕಿ ಬರಬೇಕಿತ್ತು ಮಾರಾಯರೇ’ ಎಂದರು. ‘ಪರಿಚಯವಿದೆ ಎಂದಿರಿ’ ಎಂದೂ ಸೇರಿಸಿದರು. ಪರಿಚಯವಿದ್ದುದರಿಂದಲೇ ಆಗಲಿಲ್ಲ ಎಂದು ಹೇಳುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಅವರು ನನ್ನನ್ನು ಇಶ್ಯೂ ವಿಭಾಗಕ್ಕೆ ತೆಗೆದುಕೊಳ್ಳಲಿಲ್ಲ. ಆದರೆ ಹಿಂದಿನ ಕೋಣೆಯಲ್ಲಿ, ಷೇರು ವರ್ಗಾವಣೆಯ ಕಾಗದಗಳ ಮೇಲಿನ ಸಹಿಯನ್ನು ಹಳೆಯ ಸಹಿಗೆ ಹೋಲಿಸಿ ನೋಡುವ ಗುಮಾಸ್ತನೊಬ್ಬ ಆ ವಾರವೇ ಕೆಲಸ ಬಿಟ್ಟಿದ್ದ. ಆ ಕುರ್ಚಿಗೆ ನಾನು ಅಗ್ಗದಲ್ಲಿ ಸಿಕ್ಕೆ. ಪ್ರಾಮಾಣಿಕತೆಗೆ ಸಿಕ್ಕ ಬಹುಮಾನ ಎಂದು ಯಾರಾದರೂ ತಿಳಿದುಕೊಂಡರೆ ದಯವಿಟ್ಟು ತಿದ್ದಿಕೊಳ್ಳಬೇಕು.

ಆ ಕೋಣೆಗೆ ಕಿಟಕಿ ಇರಲಿಲ್ಲ. ಅಲ್ಲಿಂದ ಇಶ್ಯೂ ವಿಭಾಗದ ಮೇಜಿಗೆ ಬರಲು ಎಷ್ಟೋ ವರ್ಷ ಹಿಡಿಯಿತು, ನನ್ನಿಂದ ಕೆಲಸ ಕಲಿತ ಅಳಿಯಂದಿರು, ಸೋದರಳಿಯಂದಿರು ನನ್ನನ್ನು ದಾಟಿ ಹೋದರು. ಬೇಸರ ಆಗಲಿಲ್ಲವೇ ಎಂದು ಕೇಳುತ್ತಾರೆ. ಆಯಿತು. ದಿನವೂ ಆಯಿತು.

ಇನ್ನು ಆ ಗಿರಣಿ. ಅದು ಮುಳುಗಿತೆಂದು ಬರೆದಿದ್ದರೆ ಕಥೆಗೆ ಒಪ್ಪುತ್ತಿತ್ತು, ನನಗೂ ಸಮಾಧಾನವಾಗುತ್ತಿತ್ತು. ಮುಳುಗಲಿಲ್ಲ. ಬೇರೆ ಊರುಗಳಲ್ಲಿ ಷೇರೆಲ್ಲ ಮಾರಿಹೋಗಿ, ಗಿರಣಿ ಎದ್ದು, ಚೆನ್ನಾಗಿಯೇ ನಡೆಯಿತು. ಕೊಂಡವರು ತಿರುತಿರುಗಿ ಲಾಭಾಂಶ ತಿಂದರು.

ಅಪ್ಪ ತೀರಿಕೊಂಡಾಗ ಗುರಪ್ಪ ಸಾವಕಾರರು ಮಾತಾಡಿಸಲು ಮನೆಗೆ ಬಂದರು. ಅವರಿಗೂ ವಯಸ್ಸಾಗಿತ್ತು, ಕೋಲು ಹಿಡಿದಿದ್ದರು. ಹಾಸಿದ ಕಂಬಳಿಯ ಮೇಲೆ ನನ್ನ ಪಕ್ಕದಲ್ಲೇ ಕೂತರು. ಅಪ್ಪನ ಬಗ್ಗೆ ಎರಡು ಒಳ್ಳೆಯ ಮಾತಾಡಿ, ಆಮೇಲೆ ಕೇಳಿದರು.

“ಆ ಗಿರಣಿ ಚಲೋ ನಡದೈತಂತಲ್ಲ?”

“ಹೌದ್ರಿ.”

“ಮತ್ತ ಆವತ್ತ ಯಾಕ ಕೈ ಇಡಲಿಲ್ಲ?”

“ನಡೀತೈತಂತ ನನಗ ಗೊತ್ತಿರಲಿಲ್ರಿ.”

ಅವರು ತಲೆ ಅಲ್ಲಾಡಿಸಿದರು. “ಅಂಡಿಗಿ ಒಳಗ ಹತ್ತಿ ಒದ್ದಿ ಐತೋ ಒಣಗೇತೋ, ದಲಾಲಗ ಎಲ್ಲಿ ಗೊತ್ತಿರ್ತೈತಿ? ಗೊತ್ತಿಲ್ಲಂತನ ಕೈ ಇಡ್ತಾನ. ಗೊತ್ತಿದ್ದಿದ್ರ ವಲ್ಲಿ ಯಾಕ ಬೇಕಿತ್ತು?”

ಹನ್ನೆರಡು ವರ್ಷ ನಾನು ಹೆಮ್ಮೆಯಿಂದಲ್ಲದಿದ್ದರೂ ನೆಮ್ಮದಿಯಿಂದ ಇಟ್ಟುಕೊಂಡಿದ್ದ ಉತ್ತರವನ್ನು ಅವರು ಒಂದೇ ಮಾತಿನಲ್ಲಿ ತೆಗೆದುಕೊಂಡು ಹೋದರು. ಅಷ್ಟರಲ್ಲಿ ಅವರು ಹೆಗಲ ಮೇಲಿನ ವಲ್ಲಿ ತೆಗೆದರು. ನನ್ನ ಬಲಗೈ ತಾನಾಗಿ ಮುಂದೆ ಹೋಯಿತು. ಅವರು ಅದನ್ನು ನೋಡಲಿಲ್ಲ, ಅಥವಾ ನೋಡಿಯೂ ನೋಡಲಿಲ್ಲ. ವಲ್ಲಿಯಿಂದ ಮುಖ ಒರೆಸಿಕೊಂಡು, ಮತ್ತೆ ಹೆಗಲಿಗೆ ಹಾಕಿಕೊಂಡು, ಕೋಲು ಊರಿ ಎದ್ದರು.

ಅವರ ಮಾತಿನಿಂದ ನಾನು ಕಲಿತದ್ದು ಇಷ್ಟೇ. ಕೈ ಇಡುವುದೆಂದರೆ ಮುಂದಿನದು ಗೊತ್ತಿದೆ ಎಂದು ಹೇಳುವುದಲ್ಲ, ನುಕ್ಸಾನು ಬಂದಾಗ ಎದ್ದು ಹೋಗುವುದಿಲ್ಲ ಎಂದು ಹೇಳುವುದು. ನಮ್ಮ ಧಂದೆಗೆ ಆ ಮಾತು ಹೇಳಲು ಬರುವುದಿಲ್ಲ, ಅದಕ್ಕೇ ಅಷ್ಟೊಂದು ಅಚ್ಚು ಹಾಕಿಸುತ್ತೇವೆ. ಆ ದುಃಖದ ದಿನಗಳು ಕಳೆದು ಮುಂಬೈಗೆ ಮರಳಿದ ಮೇಲೆ, ನನ್ನ ಮೇಜಿಗೆ ಬಂದ ಪ್ರತಿ ಇಶ್ಯೂದಲ್ಲೂ ಕೊಳ್ಳಿರೆಂದು ನಾಲ್ಕು ಜನರಿಗೆ ಹೇಳುವ ಮೊದಲು ನನ್ನ ಸಂಬಳದಿಂದ ಕೆಲವು ಷೇರು ಕೊಂಡೆ. ಹಲವು ಕಂಪನಿಗಳು ನಡೆದವು, ಕೆಲವು ಮುಳುಗಿದವು, ಮುಳುಗಿದವುಗಳ ಜೊತೆ ನನ್ನದೂ ಮುಳುಗಿತು. ಹೆಂಡತಿ ಇದನ್ನು ಹುಚ್ಚು ಎಂದಳು, ಜೊತೆಯವರು ಶೋಕಿ ಎಂದರು. ಅವರಿಗೆ ವಲ್ಲಿಯ ಸಂಗತಿ ಹೇಳಲಿಲ್ಲ. ಹೇಳಿದ್ದರೂ ಅಪ್ಪ ಅಂದು ಹೊಸ್ತಿಲಲ್ಲಿ ಎದ್ದು ನಿಂತದ್ದನ್ನು ಅವರು ಕಂಡಿರಲಿಲ್ಲ.